ಕತ್ತು ಬಾಗದ ಅರಿವಿ ಗೊಂಬೆ: ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಸಿಗುವ ಸಾಮಾನಿನಿಂದ ಮಾಡುವ ಕ್ರಮ

ಬಟ್ಟೆ ಗೊಂಬೆ ಮಾಡಲು ಕೂತವರ ಹೆಚ್ಚಿನ ಸಮಯ ಮುಖಕ್ಕೇ ಹೋಗುತ್ತದೆ. ಕಣ್ಣು, ಹುಬ್ಬು, ತುಟಿ, ಹಣೆಯ ಬೊಟ್ಟು ತಿದ್ದಿದ್ದೇ ತಿದ್ದಿದ್ದು. ಆದರೆ ಮಾಡಿದ ಗೊಂಬೆ ಎರಡೇ ತಿಂಗಳಲ್ಲಿ ಮೂಲೆ ಸೇರುವ ಕಾರಣಗಳೇ ಬೇರೆ. ಕತ್ತು ಬಾಗಿ ತಲೆ ಎದೆಗೆ ಬೀಳುತ್ತದೆ, ತೋಳು ಕಿತ್ತು ಬರುತ್ತದೆ, ಒಗೆದರೆ ಒಳಗಿನ ಹತ್ತಿ ಗಂಟು ಕಟ್ಟುತ್ತದೆ, ಲಂಗದ ಬಣ್ಣ ಮೈಗೆ ಹತ್ತುತ್ತದೆ. ಇವುಗಳಲ್ಲಿ ಹೆಚ್ಚಿನವು ಶುರುವಾಗುವುದು ಸೂಜಿ ಹಿಡಿಯುವ ಮೊದಲೇ, ಅರಿವಿ (ಬಟ್ಟೆ) ಮತ್ತು ತುಂಬುವ ಸಾಮಾನು ಆರಿಸುವಾಗ. ಹಾಗಾಗಿ ಇಲ್ಲಿ ಸಾಮಾನಿನ ಮಾತೇ ಮೊದಲು, ಹೊಲಿಗೆ ಆಮೇಲೆ.

ಅಳತೆಯೆಲ್ಲ ಸುಮಾರು 35 ಸೆಂ.ಮೀ. ಎತ್ತರದ, ಅಂದರೆ 14 ಇಂಚಿನ ಗೊಂಬೆಗೆ. ಮೊದಲ ಸಲ ಮಾಡುವವರು ಇದಕ್ಕಿಂತ ಚಿಕ್ಕದಕ್ಕೆ ಕೈ ಹಾಕಬೇಡಿ. ಚಿಕ್ಕ ಗೊಂಬೆ ಸುಲಭ ಅನ್ನಿಸುತ್ತದೆ, ಆದರೆ ಎರಡು ಬೆರಳಗಲದ ತೋಳನ್ನು ಉಲ್ಟಾ ಮಾಡುವಷ್ಟರಲ್ಲಿ ಹೊಲಿಗೆ ಬಿಟ್ಟಿರುತ್ತದೆ.

ಮೈಗೆ ಯಾವ ಅರಿವಿ

ಒತ್ತಾಗಿ ನೇಯ್ದ, ಹಿಗ್ಗದ, ಪೂರಾ ಹತ್ತಿಯ ಬಟ್ಟೆ ಬೇಕು. ಅಂಗಡಿಯಲ್ಲಿ ಪಾಪ್ಲಿನ್, ಲಾಂಗ್ ಕ್ಲಾತ್, ಮಾದರಪಾಟ್ ಎಂದು ಕೇಳಿ. ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ನೂಲುಗಳ ನಡುವೆ ಸಂದು ಕಂಡರೆ ಬಿಡಿ. ಒಳಗಿನ ನಾರು ಅಲ್ಲಿಂದಲೇ ಹೊರಗೆ ಬರುತ್ತದೆ. ಆಮೇಲೆ ಕತ್ತರಿಸಿದ ಅಂಚಿನ ಹತ್ತಿರ ಉಗುರಿನಿಂದ ಕೆರೆಯಿರಿ. ನೂಲು ಸರಿದು ಜಾಗ ಬಿಟ್ಟಿತೋ, ಗೊಂಬೆಯನ್ನು ಬಿಗಿಯಾಗಿ ತುಂಬಿದಾಗ ಹೊಲಿಗೆಯ ಗೆರೆಯಲ್ಲೂ ಅದೇ ಆಗುತ್ತದೆ.

ಮನೆಯ ಕಪಾಟಿನಲ್ಲಿ ಉಡಿ ತುಂಬಿದಾಗ ಬಂದ ಬ್ಲೌಸ್ ಪೀಸ್‌ಗಳು ಇದ್ದೇ ಇರುತ್ತವೆ. ಒಬ್ಬರ ಉಡಿಯಿಂದ ಇನ್ನೊಬ್ಬರ ಉಡಿಗೆ ಊರೆಲ್ಲ ಸುತ್ತುವ ಆ ತುಂಡುಗಳಿಗೆ ಇಲ್ಲಿ ಒಳ್ಳೆಯ ಕೆಲಸವಿದೆ. ಆದರೆ ಹತ್ತಿಯದೋ ಪಾಲಿಯೆಸ್ಟರೋ ನೋಡಿಕೊಳ್ಳಬೇಕು. ಅಂಚಿನಿಂದ ನಾಲ್ಕು ನೂಲು ಎಳೆದು, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಬೂದಿಯ ಜತೆ ಮಣಿಯೂ ಉಳಿದರೆ ಮಿಶ್ರಣ. ಪಾಲಿಯೆಸ್ಟರ್ ಬಟ್ಟೆ ಜಾರುತ್ತದೆ, ಇಸ್ತ್ರಿಗೆ ಮಡಿಕೆ ಕೂರುವುದಿಲ್ಲ, ಅಂಚು ಬೇಗ ಬಿಚ್ಚಿಕೊಳ್ಳುತ್ತದೆ. ಅದನ್ನು ಗೊಂಬೆಯ ಬಟ್ಟೆಗೆ ಇಟ್ಟುಕೊಳ್ಳಿ, ಮೈಗೆ ಬೇಡ.

ಬ್ಲೌಸಿಗೆ ಬಳಸುವ ಟೂ ಬೈ ಟೂ ರೂಬಿಯಾ ಬಟ್ಟೆಯ ಬಗ್ಗೆ ಒಂದು ಮಾತು. ಗೋಧಿ ಬಣ್ಣ, ಇಟ್ಟಿಗೆ ಬಣ್ಣ, ಕಡುಗಂದು ಹೀಗೆ ಮೈಬಣ್ಣದ ಎಲ್ಲ ಛಾಯೆಯೂ ಅದರಲ್ಲಿ ಸಿಗುತ್ತದೆ. ಆದರೆ ತೆಳು, ಒಳಗಿನ ಉಬ್ಬುತಗ್ಗೆಲ್ಲ ಹೊರಗೆ ಕಾಣುತ್ತದೆ. ಎರಡು ಪದರ ಸೇರಿಸಿ ಒಂದೇ ಬಟ್ಟೆಯ ಹಾಗೆ ಕತ್ತರಿಸಿದರೆ ಈ ದೋಷ ಹೋಗುತ್ತದೆ. 80 ಸೆಂ.ಮೀ.ನ ಒಂದು ಪೀಸಿನಲ್ಲಿ ಜೋಡಿ ಪದರದ ಎರಡು ಗೊಂಬೆ ಆರಾಮವಾಗಿ ಆಗುತ್ತವೆ.

ಬಿಳಿ ಬಟ್ಟೆಗೆ ಚಹಾದಲ್ಲಿ ಬಣ್ಣ ಹಾಕುವುದು ಸುಲಭ. 1 ಲೀಟರ್ ನೀರಿಗೆ 4 ದೊಡ್ಡ ಚಮಚ ಚಹಾ ಪುಡಿ ಹಾಕಿ 10 ನಿಮಿಷ ಕುದಿಸಿ ಸೋಸಿ. ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಪೂರ್ತಿ ನೆನೆಸಿ, ಹಿಂಡಿ, ಬಿಡಿಸಿ, ಆಮೇಲೆ ಚಹಾದಲ್ಲಿ ಅರ್ಧ ತಾಸು ಕೈಯಾಡಿಸುತ್ತ ಇಡಿ. ಒಣ ಬಟ್ಟೆ ಅದ್ದಿದರೆ, ಇಲ್ಲವೇ ಮುದ್ದೆಯಾಗಿ ಬಿಟ್ಟರೆ ಮಚ್ಚೆ ಬೀಳುವುದು ಖಂಡಿತ. ಕಬ್ಬಿಣದ ಬಾಣಲೆ ಬೇಡ, ಚಹಾದ ಒಗರು ಕಬ್ಬಿಣಕ್ಕೆ ಸೇರಿ ಬಟ್ಟೆ ಬೂದುಗಪ್ಪಾಗುತ್ತದೆ. ಸ್ಟೀಲ್ ಪಾತ್ರೆ ಸಾಕು. ಒಣಗಿದ ಮೇಲೆ ಬಣ್ಣ ಒಂದು ಛಾಯೆ ತಿಳಿಯಾಗುತ್ತದೆ, ಒಗೆತಕ್ಕೂ ಬಿಸಿಲಿಗೂ ಇನ್ನಷ್ಟು ಮಾಸುತ್ತದೆ. ಶೋಕೇಸಿನ ಗೊಂಬೆಗೆ ಇದು ಸರಿ. ಮಗು ಎಳೆದಾಡುವ ಗೊಂಬೆಗೆ ಬಣ್ಣದ ಪಾಪ್ಲಿನ್ನೇ ವಾಸಿ.

ಯಾವ ಬಟ್ಟೆಯಾದರೂ ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ಒಗೆದು ಇಸ್ತ್ರಿ ಮಾಡಿ. ಕೋರಾ ಬಟ್ಟೆಯಲ್ಲಿ, ಅಂದರೆ ಇನ್ನೂ ಒಗೆಯದ ಹೊಸ ಬಟ್ಟೆಯಲ್ಲಿ, ಗಂಜಿ ಇರುತ್ತದೆ. ಅಂಗಡಿಯಲ್ಲಿ ಗಟ್ಟಿಮುಟ್ಟು ಅನ್ನಿಸಿದ್ದು ಒಗೆದ ಮೇಲೆ ಜಾಳುಜಾಳಾಗಿ ಕೈಗೆ ಬರಬಹುದು. ಹೊಸ ಹತ್ತಿ ಬಟ್ಟೆ ಮೀಟರಿಗೆ 3ರಿಂದ 5 ಸೆಂ.ಮೀ. ಕುಗ್ಗುವುದು ಮಾಮೂಲು. ಗೊಂಬೆಯಾದ ಮೇಲೆ ಆ ಕುಗ್ಗು ಬಂದರೆ ಹೊಲಿಗೆಯುದ್ದಕ್ಕೂ ಸುಕ್ಕು ನಿಲ್ಲುತ್ತದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಚೀಲಗಟ್ಟಲೆ ಡೆನಿಮ್ ಚೂರು ಬೀಳುತ್ತವೆ. ಅಗ್ಗವಾಗಿ ಸಿಗುತ್ತವೆ ಎಂದು ಅದರಲ್ಲೇ ಗೊಂಬೆಯ ಮೈ ಮಾಡಲು ಹೊರಡುವವರಿದ್ದಾರೆ. ಅದು ಆಗದ ಕೆಲಸ. ದಪ್ಪ ಡೆನಿಮ್ ಬೆರಳಗಲದ ತಿರುವಿನಲ್ಲಿ ತಿರುಗುವುದಿಲ್ಲ, ನೀಲಿ ಉಜ್ಜಿದರೆ ಕೈಗೇ ಹತ್ತುತ್ತದೆ, ಎಳೆದರೆ ಹಿಗ್ಗುವ ಲೈಕ್ರಾ ನೂಲು ಇದ್ದರಂತೂ ತುಂಬಿದಷ್ಟೂ ಒಂದೇ ದಿಕ್ಕಿಗೆ ಹಿಗ್ಗುತ್ತದೆ. ಗೊಂಬೆಯಲ್ಲಿ ಡೆನಿಮ್ಮಿಗೆ ಸರಿಯಾದ ಜಾಗ ಒಂದಿದೆ, ಕುತ್ತಿಗೆಯ ಒಳಗೆ. ಅದು ಮುಂದೆ ಬರುತ್ತದೆ.

ಒಳಗೆ ಏನು ತುಂಬಬೇಕು

ರಾಯಚೂರು ಸೀಮೆ ಹತ್ತಿಯ ಸೀಮೆ. ಹತ್ತಿ ಬಿಟ್ಟು ಬೇರೇನು ತುಂಬುವುದು ಅನ್ನಿಸುವುದು ಸಹಜ. ಜಿನ್ನಿಂಗ್ ಆದ (ಬೀಜ ಬಿಡಿಸಿದ) ಅರಳೆಯನ್ನು ಗಾದಿ ಮಾಡುವವರ ಹತ್ತಿರ ಹಿಂಜಿಸಿ ತಂದರೆ ಗೊಂಬೆ ಗಟ್ಟಿಯಾಗಿ, ತೂಕವಾಗಿ, ಹೇಳಿದ ಕಡೆ ಕೂರುವಂತೆ ಬರುತ್ತದೆ. ಆದರೆ ನೀರು ಬಿದ್ದ ಹತ್ತಿಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಒಣಗುವಾಗ ಗಂಟಾಗುತ್ತವೆ, ಮತ್ತೆ ಅರಳುವ ಗುಣ ಅವಕ್ಕಿಲ್ಲ. ಹತ್ತಿ ತುಂಬಿದ ಗೊಂಬೆಯನ್ನು ನೀರಲ್ಲಿ ಮುಳುಗಿಸುವಂತಿಲ್ಲ, ಅಷ್ಟೇ. ಹಿಂಜಿದ ಹತ್ತಿಯಲ್ಲಿ ಬೀಜದ ಚೂರು ಉಳಿದಿದ್ದರೆ ಆರಿಸಿ ತೆಗೆಯಿರಿ. ಬೀಜದಲ್ಲಿ ಎಣ್ಣೆ ಇರುತ್ತದೆ, ಒಡೆದರೆ ತಿಳಿಬಣ್ಣದ ಮೈಮೇಲೆ ಹಳದಿ ಕಲೆ ಮೂಡುತ್ತದೆ. ಹಳೆ ಗಾದಿಯ ಹತ್ತಿ ಬೇಡವೇ ಬೇಡ. ಅದು ಧೂಳಿನ ಮೂಟೆ.

ಬೂರುಗದ ಹತ್ತಿ ಹಗುರ, ನೀರು ಹೀರುವುದೂ ಕಡಿಮೆ. ಆದರೆ ಎಳೆ ಎಷ್ಟು ನುಣುಪೆಂದರೆ ಸಾಧಾರಣ ನೇಯ್ಗೆಯ ಸಂದಿನಿಂದಲೂ ನುಸುಳುತ್ತದೆ. ತುಂಬುವಾಗ ಫ್ಯಾನ್ ನಿಲ್ಲಿಸಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಾಗುತ್ತದೆ. ಸಿಂಧನೂರು, ಗಂಗಾವತಿ ಕಡೆ ಭತ್ತದ ಹೊಟ್ಟು ರಾಶಿ ಬಿದ್ದಿರುತ್ತದೆ ಎಂದು ಅದನ್ನು ತುಂಬುವುದೂ ಸರಿಯಲ್ಲ. ಹೊಟ್ಟು ಚುಚ್ಚುತ್ತದೆ, ಪುಡಿಯಾಗುತ್ತದೆ, ಮಳೆಗಾಲಕ್ಕೆ ಹುಳ ಬೀಳುತ್ತದೆ. ಜೋಳ, ಅಕ್ಕಿಗೂ ಇದೇ ಮಾತು.

ಒಗೆಯಬೇಕಾದ ಗೊಂಬೆಗೆ ಪಾಲಿಯೆಸ್ಟರ್ ಫೈಬರ್ ಒಂದೇ ದಾರಿ. ಅಂಗಡಿಯಲ್ಲಿ ರೆಕ್ರಾನ್ ಎಂದರೆ ತಿಳಿಯುತ್ತದೆ. ಆ ಎಳೆ ಸುರುಳಿಯಾಗಿರುವುದರಿಂದ ಒತ್ತಿದರೂ ಮತ್ತೆ ಏಳುತ್ತದೆ. ಕೊಳ್ಳುವಾಗ ಒಂದು ಹಿಡಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಚುಕಿ ಬಿಡಿ. ತಕ್ಷಣ ಅರಳಿದರೆ ಒಳ್ಳೆಯದು, ಮುದ್ದೆಯಾಗಿಯೇ ಕೂತರೆ ಮರುಬಳಕೆಯ ಕಳಪೆ ನಾರು. ನಮ್ಮ ಅಳತೆಯ ಗೊಂಬೆಗೆ 80ರಿಂದ 100 ಗ್ರಾಂ ಹಿಡಿಯುತ್ತದೆ. ಹತ್ತಿಯಾದರೆ 120ರಿಂದ 150 ಗ್ರಾಂ.

ಉಳಿದ ಸಾಮಾನು ಹೆಚ್ಚೇನಿಲ್ಲ. ಗಟ್ಟಿ ಪಾಲಿಯೆಸ್ಟರ್ ಹೊಲಿಗೆ ದಾರ, ಕಸೂತಿಗೆ ಆರೆಳೆಯ ಹತ್ತಿ ದಾರ, 25 ಗ್ರಾಂ ಕಪ್ಪು ಉಲ್ಲನ್, ಪಿನ್, 7–8 ಸೆಂ.ಮೀ. ಉದ್ದದ ಗೊಂಬೆ ಸೂಜಿ (ಸಿಗದಿದ್ದರೆ ಗಾದಿ ಹೊಲಿಯುವ ಸೂಜಿಗಳಲ್ಲಿ ಸಣ್ಣದು), ತುದಿ ಮೊಂಡಾದ ಒಂದು ಕಡ್ಡಿ.

ನಮೂನೆ

ರಟ್ಟಿನ ಮೇಲೆ ಬರೆದುಕೊಳ್ಳಿ. ತಲೆ, ಕುತ್ತಿಗೆ, ಮುಂಡ ಸೇರಿ ಒಂದೇ ತುಂಡು. ತಲೆ 10 ಸೆಂ.ಮೀ. ಅಗಲ, 10.5 ಎತ್ತರ; ಕುತ್ತಿಗೆ 4.5 ಅಗಲ, 1 ಎತ್ತರ; ಭುಜ 9.5 ಅಗಲ, ಮುಂಡದ ಎತ್ತರ 11.5, ಕೆಳ ಅಂಚು 10, ನೇರ. ತೋಳು 13 ಉದ್ದ, 4 ಅಗಲ, ತುದಿ ದುಂಡಗೆ. ಕಾಲು 15 ಉದ್ದ, 4.5 ಅಗಲ, ಅದಕ್ಕೂ ದುಂಡು ತುದಿ. ಬೆರಳು, ಹೆಬ್ಬೆರಳು ಮೊದಲ ಗೊಂಬೆಗೆ ಬೇಡ. ಇವೆಲ್ಲ ಹೊಲಿಗೆಯ ಗೆರೆಯ ಅಳತೆ, ಅಂಚು ಇದರ ಹೊರಗೆ.

ಕುತ್ತಿಗೆ ಇಷ್ಟು ದಪ್ಪ ಯಾಕೆ ಎನ್ನಬಹುದು. ಚಪ್ಪಟೆಯಾಗಿದ್ದ 4.5 ಸೆಂ.ಮೀ. ತುಂಬಿ ದುಂಡಾದಾಗ 3 ಸೆಂ.ಮೀ.ಗಿಂತ ಕಡಿಮೆ ಆಗುತ್ತದೆ. ಕಾಗದದ ಮೇಲೆ ಅಂದವಾಗಿ ಕಾಣುವ 3 ಸೆಂ.ಮೀ. ಕುತ್ತಿಗೆ ತುಂಬಿದ ಮೇಲೆ 2ಕ್ಕಿಂತ ಕಡಿಮೆಗೆ ಇಳಿದು, ತಲೆಯ ಭಾರ ತಾಳದೆ ಮಡಚಿಕೊಳ್ಳುತ್ತದೆ. ತಲೆಯದೂ ಇದೇ ಲೆಕ್ಕ, 10 ಇದ್ದದ್ದು ಸುಮಾರು 8ಕ್ಕೆ ಬರುತ್ತದೆ. ಅಗಲ ಕುಗ್ಗಿದರೂ ಸುತ್ತಲಿನ ಅಂಚಿನ ಉದ್ದ ಅಷ್ಟೇ ಉಳಿಯುವುದರಿಂದ ಹೊಲಿಗೆಯ ಸುತ್ತ ಸಣ್ಣ ನೆರಿಗೆ ಬೀಳುವುದು ದುಂಡು ತಲೆಯ ಹುಟ್ಟುಗುಣ. ನಿಮ್ಮ ಹೊಲಿಗೆಯ ತಪ್ಪೆಂದು ಬಿಚ್ಚಲು ಹೋಗಬೇಡಿ. ಬಿಗಿಯಾಗಿ ತುಂಬಿದರೆ ಅರ್ಧ ಹೋಗುತ್ತದೆ, ಉಳಿದದ್ದನ್ನು ಕೂದಲು ಮುಚ್ಚುತ್ತದೆ.

ನಮೂನೆ ಇಡುವಾಗ ಹಾಸು ನೂಲು, ಅಂದರೆ ಕಿನಾರಿಗೆ ಸಮನಾಗಿ ಓಡುವ ನೂಲು, ಗೊಂಬೆಯ ಎತ್ತರಕ್ಕೆ ಬರಬೇಕು. ಹಾಸು ಕಡಿಮೆ ಹಿಗ್ಗುತ್ತದೆ, ಅಡ್ಡ ಓಡುವ ಹೊಕ್ಕು ಸ್ವಲ್ಪ ಹೆಚ್ಚು, ಕ್ರಾಸ್ ಅಂದರೆ ಓರೆ ಎಲ್ಲಕ್ಕಿಂತ ಹೆಚ್ಚು. ಬಟ್ಟೆ ಉಳಿಸಲು ಒಂದು ಕಾಲನ್ನು ನೇರಕ್ಕೂ ಇನ್ನೊಂದನ್ನು ಓರೆಗೂ ಕತ್ತರಿಸಿದರೆ ತುಂಬಿದ ಮೇಲೆ ಒಂದು ಕಾಲು ಉದ್ದ, ಇನ್ನೊಂದು ತಿರುಚಿ. ಇದನ್ನು ಆಮೇಲೆ ಸರಿಮಾಡುವ ದಾರಿಯೇ ಇಲ್ಲ.

ಹೊಲಿಯುವುದು

ತುಂಡು ಕತ್ತರಿಸಿ ಹೊಲಿಯಬೇಡಿ, ಹೊಲಿದು ಕತ್ತರಿಸಿ. ಬಟ್ಟೆಯನ್ನು ಒಳಮೈ ಹೊರಗೆ ಬರುವಂತೆ ಎರಡಾಗಿ ಮಡಚಿ, ಪಿನ್ ಹಾಕಿ, ರಟ್ಟಿನ ಸುತ್ತ ಪೆನ್ಸಿಲ್ ಗೆರೆ ಎಳೆದು, ಗೆರೆಯ ಮೇಲೇ ಮಷಿನ್ ಓಡಿಸಿ. ಆಮೇಲೆ 6 ಮಿ.ಮೀ. ಅಂಚು ಬಿಟ್ಟು ಕತ್ತರಿಸಿ. ಸಣ್ಣ ತುಂಡುಗಳು ಸರಿದು ಅಳತೆ ತಪ್ಪುವ ಗೋಳು ಇದರಲ್ಲಿಲ್ಲ.

ಪಾಪ್ಲಿನ್ನಿಗೆ 11 ಅಥವಾ 12ನೇ ನಂಬರ್ ಸೂಜಿ ಹಾಕಿ. ಜೀನ್ಸ್‌ಗೆ ಹಾಕುವ 16ನೇ ನಂಬರಿನದು ತೆಳು ಬಟ್ಟೆಯಲ್ಲಿ ತೂತು ಬಿಡುತ್ತದೆ, ಬಿಗಿಯಾಗಿ ತುಂಬಿದಾಗ ಆ ತೂತುಗಳೇ ಚುಕ್ಕಿಚುಕ್ಕಿಯಾಗಿ ಕಾಣುತ್ತವೆ. ಹೊಲಿಗೆ ಇಂಚಿಗೆ 12ರಿಂದ 14 ಇರಲಿ. ಬ್ಲೌಸ್ ಹೊಲಿಯುವ ಸಾಮಾನ್ಯ ಉದ್ದವಾದರೆ ತುಂಬುವಾಗ ಹೊಲಿಗೆ ಬಾಯಿ ಬಿಟ್ಟು ಒಳಗಿನ ದಾರ ಹಲ್ಲಿನಂತೆ ಕಾಣುತ್ತದೆ. ಕುತ್ತಿಗೆಯ ಎರಡೂ ಬದಿ, ಭುಜದಿಂದ ಕೆನ್ನೆಯವರೆಗೆ, ಅದೇ ಗೆರೆಯ ಮೇಲೆ ಇನ್ನೊಂದು ಸಲ ಓಡಿಸಿ.

ಹೊಲಿಯದೆ ಬಿಡಬೇಕಾದ ಜಾಗ: ಮುಂಡದ ಕೆಳ ಅಂಚು ಪೂರ್ತಿ; ಭುಜದಿಂದ 1 ಸೆಂ.ಮೀ. ಕೆಳಗೆ, ಎರಡೂ ಬದಿ, ತೋಳಿಗೆ 4 ಸೆಂ.ಮೀ.; ತೋಳು, ಕಾಲುಗಳ ಮೇಲ್ತುದಿ. ಹೀಗೆ ಬಿಟ್ಟ ಕಡೆಯಲ್ಲೆಲ್ಲ ಶುರುವಿಗೂ ಕೊನೆಗೂ ಮೂರು ಹೊಲಿಗೆ ಹಿಂದೆ ಮುಂದೆ ಮಾಡಿ. ಇಲ್ಲದಿದ್ದರೆ ಉಲ್ಟಾ ಮಾಡುವಾಗಲೇ ಬಾಯಿ ದೊಡ್ಡದಾಗುತ್ತದೆ.

ಕತ್ತರಿಸಿದ ಮೇಲೆ ಕುತ್ತಿಗೆಯ ಒಳತಿರುವಿನಲ್ಲಿ ಪ್ರತಿ ಬದಿಯ ಅಂಚಿಗೆ ಕತ್ತರಿಯಿಂದ ಮೂರು ಸಣ್ಣ ಕಚ್ಚು ಹಾಕಿ, ಹೊಲಿಗೆಗೆ 2 ಮಿ.ಮೀ. ಹತ್ತಿರದವರೆಗೆ. ಕಚ್ಚು ಹಾಕದಿದ್ದರೆ ಅಂಚು ಒಳಗೆ ಎಳೆದು ಕುತ್ತಿಗೆಗೆ ಅಡ್ಡ ಸುಕ್ಕು ಬರುತ್ತದೆ; ಹೊಲಿಗೆ ಮುಟ್ಟಿದರೆ ಅಲ್ಲೇ ಹರಿಯುತ್ತದೆ. ತಲೆಯ ದುಂಡಿಗೆ, ಕೈಕಾಲಿನ ತುದಿಗೆ ಸಣ್ಣ ತ್ರಿಕೋನಗಳನ್ನು ಕತ್ತರಿಸಿ ತೆಗೆಯಿರಿ, ಅಥವಾ ಅಂಚನ್ನು 3 ಮಿ.ಮೀ.ಗೆ ಇಳಿಸಿ.

ತೋಳು ಉಲ್ಟಾ ಮಾಡಲು ದಪ್ಪ ಪೆನ್ನಿನ ಖಾಲಿ ಕೊಳವೆ ಬೇಕು. ಕೊಳವೆಯನ್ನು ತೋಳಿನೊಳಗೆ ಮುಚ್ಚಿದ ತುದಿಯವರೆಗೆ ಇಳಿಸಿ, ಹೊರಗಿನಿಂದ ಮೊಂಡು ಕಡ್ಡಿಯಲ್ಲಿ ಆ ತುದಿಯನ್ನು ಕೊಳವೆಯೊಳಕ್ಕೆ ತಳ್ಳುತ್ತ ಬಟ್ಟೆಯನ್ನು ಕೆಳಗೆ ಜಾರಿಸಿ. ಕತ್ತರಿಯ ಮೊನೆಯಿಂದ ತಿವಿಯುವ ಅಭ್ಯಾಸ ಬಿಡಿ, ದುಂಡು ತುದಿಯ ಹೊಲಿಗೆ ಹರಿಯುವುದು ಅದರಿಂದಲೇ.

ತುಂಬುವುದು, ಮತ್ತು ಕುತ್ತಿಗೆ

ಮೊದಲು ಕೈಕಾಲು. ಫೈಬರನ್ನು ಬೆರಳಲ್ಲಿ ಬಿಡಿಸಿ, ತುದಿಗೆ ಸಣ್ಣ ಹಿಡಿ, ಆಮೇಲೆ ಉದ್ದನೆಯ ಎಳೆಗಳಾಗಿ ಹಾಕಿ. ಚೂರುಚೂರಾಗಿ ಕಿತ್ತು ತುರುಕಿದರೆ ಪ್ರತಿ ಚೂರೂ ಒಂದೊಂದು ಉಂಡೆಯಾಗಿ ಕೂರುತ್ತದೆ, ಹೊರಗಿನಿಂದ ಮುಟ್ಟಿದರೆ ಕಡಲೆ ತುಂಬಿದ ಚೀಲದಂತಿರುತ್ತದೆ. ಮೇಲಿನ 2.5 ಸೆಂ.ಮೀ. ಖಾಲಿ ಬಿಡಿ, ಅಲ್ಲೇ ಗೊಂಬೆಯ ಕೈಕಾಲು ಆಡುವುದು.

ಮುಂಡ ಇನ್ನೂ ಖಾಲಿ ಇರುವಾಗಲೇ ತೋಳು ಕೂರಿಸಬೇಕು. ಬಿಟ್ಟ ಬಾಯಿಯ ಅಂಚನ್ನು ಒಳಗೆ ಮಡಚಿ ಇಸ್ತ್ರಿ ಮಾಡಿ, ತೋಳಿನ ಮೇಲ್ತುದಿಯನ್ನು 1 ಸೆಂ.ಮೀ. ಒಳಗೆ ಸೇರಿಸಿ, ಮೇಲಿನಿಂದ ಅಂಚಿಗೆ 2 ಮಿ.ಮೀ. ಬಿಟ್ಟು ಮಷಿನ್ನಿನಲ್ಲೇ ಎರಡು ಸಾಲು ಹೊಲಿಯಿರಿ. ತುಂಬಿದ ಮುಂಡಕ್ಕೆ ತೋಳನ್ನು ಕೈಯಲ್ಲಿ ತಗುಲಿಸುವವರೇ ಹೆಚ್ಚು. ಆದರೆ ಮಕ್ಕಳು ಗೊಂಬೆ ಎಳೆಯುವುದು ತೋಳು ಹಿಡಿದೇ. ನಾಲ್ಕು ಪದರ ಸೇರಿಸಿ ಹೊಲಿದ ಜಾಗ ತಡೆಯುವ ಎಳೆತವನ್ನು ಕೈಹೊಲಿಗೆ ತಡೆಯುವುದಿಲ್ಲ.

ಈಗ ಡೆನಿಮ್. 8 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಪಟ್ಟಿ ಬೇಕು. ಫ್ಯಾಕ್ಟರಿ ಚೂರುಗಳು ಚಿಕ್ಕವಾದರೆ ಒಂದರ ಬಾಲಕ್ಕೊಂದು ಜೋಡಿಸಿ. ಫ್ಯಾಕ್ಟರಿಯಲ್ಲೇ ವಾಷ್ ಆದ ಬಟ್ಟೆಯನ್ನೇ ಆರಿಸಿ, ಆದರೂ ಮನೆಯಲ್ಲಿ ಇನ್ನೆರಡು ಸಲ ಒಗೆದು, ಒದ್ದೆಯಿರುವಾಗ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ನೀಲಿ ಹತ್ತುತ್ತಲೇ ಇದ್ದರೆ ಬೇರೆ ತುಂಡು. ಪಟ್ಟಿಯನ್ನು ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿದರೆ 2 ಸೆಂ.ಮೀ. ದಪ್ಪದ, 8 ಸೆಂ.ಮೀ. ಉದ್ದದ ಉರುಳೆ ಬರುತ್ತದೆ. ಅಂಚನ್ನು ಕೈಯಲ್ಲಿ ಹೊಲಿದು, ಮೇಲೆ ಬಿಳಿ ಬಟ್ಟೆ ಒಂದು ಸುತ್ತು ಹಾಕಿ.

ತಲೆಯ ಮೇಲಿನ ಮುಕ್ಕಾಲು ಭಾಗ ತುಂಬಿ. ಹಣೆ, ಕೆನ್ನೆ ಒತ್ತಿದರೆ ಒಳಗೆ ಹೋಗಬಾರದು, ನೆಲ್ಲಿಕಾಯಿಯಷ್ಟು ಗಟ್ಟಿ ಅಲ್ಲದಿದ್ದರೂ ಹದವಾಗಿ ಬಿಗಿ ಇರಬೇಕು. ಆಗ ಉರುಳೆಯನ್ನು ಕುತ್ತಿಗೆಯ ಮೂಲಕ ತಳ್ಳಿ: 3.5 ಸೆಂ.ಮೀ. ತಲೆಯೊಳಗೆ, 1 ಕುತ್ತಿಗೆಯಲ್ಲಿ, 3.5 ಎದೆಯಲ್ಲಿ. ಸುತ್ತಲೂ ಕಡ್ಡಿಯಿಂದ ಫೈಬರ್ ತುರುಕಿ, ಮೊದಲು ದವಡೆಯ ಹತ್ತಿರ, ಆಮೇಲೆ ಕುತ್ತಿಗೆಯ ಸುತ್ತ, ಕೊನೆಗೆ ಎರಡೂ ಭುಜದ ಮೂಲೆ. ಕಡ್ಡಿಯ ತುದಿಯನ್ನು ಕಲ್ಲಿಗೆ ಉಜ್ಜಿ ಸ್ವಲ್ಪ ಒರಟು ಮಾಡಿದರೆ ನಾರನ್ನು ಹಿಡಿದು ಒಯ್ಯುತ್ತದೆ. ನುಣುಪಾದ ಕಡ್ಡಿ ನಾರಿನ ನಡುವೆ ತೂರಿ ಖಾಲಿ ಬರುತ್ತದೆ. ಭುಜದ ಕೆಳಗೆ ಬರುವವರೆಗೆ ಆತುರ ಬೇಡ. ಹೊಟ್ಟೆಯ ಭಾಗ ಹೇಗೆ ತುಂಬಿದರೂ ನಡೆಯುತ್ತದೆ.

ಸೊಂಟ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ತಲೆ ತೂಗಿದರೆ ದೋಷ ಉರುಳೆಯಲ್ಲಿರುವುದು ಅಪರೂಪ, ಭುಜದ ಮೂಲೆ ಸಡಿಲವಿರುತ್ತದೆ. ಎದೆ ಉರುಳೆಯನ್ನು ಗಟ್ಟಿಯಾಗಿ ಹಿಡಿದರೇನೇ ಕತ್ತು ನಿಲ್ಲುವುದು. ಬಿದಿರು ಕಡ್ಡಿ, ತಂತಿ ಇಟ್ಟು ಕತ್ತು ನಿಲ್ಲಿಸುವ ಉಪಾಯ ಶೋಕೇಸಿಗೆ ಸರಿ. ಮಕ್ಕಳ ಗೊಂಬೆಯಲ್ಲಿ ಅದು ಒಂದಲ್ಲ ಒಂದು ದಿನ ಬಟ್ಟೆ ತೂರಿ ಹೊರಗೆ ಬರುತ್ತದೆ.

ಕೆಳ ಅಂಚನ್ನು 1 ಸೆಂ.ಮೀ. ಒಳಗೆ ಮಡಚಿ, ಎರಡು ಕಾಲನ್ನೂ ಸೇರಿಸಿ, ಎರಡು ಸಾಲು ಹೊಲಿಯಿರಿ. ಕಾಲಿನ ಹೊಲಿಗೆಗಳು ಎರಡು ಬದಿಗೆ ಬಂದರೆ ಗೊಂಬೆ ಕಾಲು ಚಾಚಿ ಕೂರುತ್ತದೆ.

ಮುಖ

ಕಿನ್ನಾಳದ ಮರದ ಗೊಂಬೆಗೆ ಕುಂಚದಲ್ಲಿ ಕಣ್ಣು ಬರೆದಂತೆ ಬಟ್ಟೆಯ ಮೇಲೆ ಬರೆಯಲಾಗದು. ಅಲ್ಲಿ ಮರದ ಮೇಲೆ ಲೇಪ ಕೊಟ್ಟು ನುಣುಪು ಮಾಡಿರುತ್ತಾರೆ. ಇಲ್ಲಿ ಬಣ್ಣ ನೂಲು ಹಿಡಿದು ಹರಡುತ್ತದೆ. ಕಸೂತಿಯೇ ಭದ್ರ. ಬಣ್ಣವೇ ಬೇಕೆಂದರೆ ಫ್ಯಾಬ್ರಿಕ್ ಬಣ್ಣವನ್ನು ನೀರು ಬೆರೆಸದೆ, ಒಣ ಕುಂಚದಲ್ಲಿ ಹಚ್ಚಿ.

ಕಣ್ಣಿನ ಜಾಗ ತುಂಬಿದ ಮೇಲೆ ಗುರುತಿಸಿ. ಕಪ್ಪು ತಲೆಯ ಎರಡು ಪಿನ್ ಚುಚ್ಚಿ ಆಚೀಚೆ ಸರಿಸಿ ನೋಡಿದರೆ ಸಾಕು. ಹೆಚ್ಚಿನವರು ಕಣ್ಣನ್ನು ಮೇಲೆ ಇಟ್ಟುಬಿಡುತ್ತಾರೆ, ಗೊಂಬೆಗೆ ವಯಸ್ಸಾಗುತ್ತದೆ. ತಲೆಯ ಅರ್ಧ ಎತ್ತರದ ಗೆರೆಯಲ್ಲಿ ಅಥವಾ ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ, ಒಂದಕ್ಕೊಂದು ಸುಮಾರು 3 ಸೆಂ.ಮೀ. ದೂರದಲ್ಲಿ ಇಟ್ಟರೆ ಮಗುವಿನ ಮುಖ. ಬಾಯಿ ಕಣ್ಣಿನಿಂದ 2 ಸೆಂ.ಮೀ. ಕೆಳಗೆ, ಅಗಲ 1.5ಕ್ಕಿಂತ ಹೆಚ್ಚು ಬೇಡ.

ಆರೆಳೆಯಲ್ಲಿ ಎರಡೆಳೆ ಬಿಡಿಸಿಕೊಂಡು, ಉದ್ದ ಸೂಜಿಯಲ್ಲಿ ತಲೆಯ ಹಿಂಬದಿಯಿಂದ ಕಣ್ಣಿನ ಪಿನ್ ಇದ್ದಲ್ಲಿಗೆ ತೂರಿಸಿ. ಗಂಟು ಹಿಂದೆ ಕೂದಲಿನಡಿ ಅಡಗುತ್ತದೆ. ಕಣ್ಣಿಗೆ ಸ್ಯಾಟಿನ್ ಸ್ಟಿಚ್ (ಒತ್ತೊತ್ತಾಗಿ ಎಳೆದು ಜಾಗ ತುಂಬುವ ಹೊಲಿಗೆ), ಹುಬ್ಬು ಬಾಯಿಗೆ ಬ್ಯಾಕ್ ಸ್ಟಿಚ್ (ಒಂದೊಂದು ಹೊಲಿಗೆಗೂ ಹಿಂದಕ್ಕೆ ಬಂದು ಹಾಕುವ ಹೊಲಿಗೆ). ಕಣ್ಣಿನ ದಾರವನ್ನು ಹಿಂದಕ್ಕೆ ಎಳೆದು ಸ್ವಲ್ಪ ಬಿಗಿ ಮಾಡಿದರೆ ಆ ಜಾಗ ಒಳಗೆ ಇಳಿದು ಮೂಗಿಲ್ಲದೆಯೂ ಮುಖಕ್ಕೆ ಏರಿಳಿತ ಬರುತ್ತದೆ. ಎರಡೂ ಕಡೆ ಒಂದೇ ಬಿಗಿ ಇರಲಿ, ಇಲ್ಲದಿದ್ದರೆ ಮೆಳ್ಳಗಣ್ಣು.

ಕೂದಲು

30 ಸೆಂ.ಮೀ. ಅಗಲದ ರಟ್ಟಿಗೆ ಉಲ್ಲನ್ 60ರಿಂದ 70 ಸುತ್ತು ಸುತ್ತಿ, ಒಂದು ಅಂಚಿನಲ್ಲಿ ಕತ್ತರಿಸಿ. ಎಳೆಗಳ ನಡುಭಾಗವನ್ನು 8 ಸೆಂ.ಮೀ. ಉದ್ದದ ಕಪ್ಪು ಟೇಪಿನ ಮೇಲೆ ಹರಡಿ, ಮಷಿನ್ನಿನಲ್ಲಿ ನಡುವೆ ಎರಡು ಸಾಲು ಹೊಲಿದರೆ ಅದೇ ಬೈತಲೆ. ಉಲ್ಲನ್ ಮಷಿನ್ನಿನ ಪಾದಕ್ಕೆ ಸಿಕ್ಕಿಕೊಂಡರೆ ಮೇಲೊಂದು ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಟೇಪನ್ನು ಹಣೆಯಿಂದ ಹಿಂದಲೆಯವರೆಗೆ ಇಟ್ಟು ಬ್ಯಾಕ್ ಸ್ಟಿಚ್‌ನಲ್ಲಿ ತಲೆಗೆ ಹೊಲಿಯಿರಿ. ಕಿವಿಯ ಮಟ್ಟದಲ್ಲಿ ಎರಡೂ ಬದಿ ಮತ್ತೆ ಹೊಲಿದು ಕೂರಿಸಿ, ಅಲ್ಲಿಂದ ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟಿದರೆ ಶಾಲೆಗೆ ಹೊರಟ ಹುಡುಗಿ. ಅಂಟು ಹಾಕಿ ಕೂದಲು ಹಚ್ಚಬೇಡಿ. ನಮ್ಮ ಬೇಸಿಗೆಯ ಬಿಸಿಗೆ ಗ್ಲೂ ಗನ್ನಿನ ಅಂಟು ಮೆತ್ತಗಾಗಿ ಜಾರುತ್ತದೆ.

ಕೊಪ್ಪಳದ ಮಗ್ಗುಲ ಭಾಗ್ಯನಗರದಲ್ಲಿ ಕೂದಲಿನ ಉದ್ಯಮ ಇದೆ, ನಿಜ ಕೂದಲೇ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಪಟ್ಟಿಗೆ ಹೊಲಿದ ಕೂದಲಾದರೆ ಕೂರಿಸಬಹುದು. ಆದರೆ ಆಟದ ಗೊಂಬೆಯಲ್ಲಿ ವಾರದೊಳಗೆ ಸಿಕ್ಕು, ಚಿಕ್ಕ ಮಕ್ಕಳಿಗೆ ಬಾಯಿಗೆ ಬರುವ ಎಳೆ. ಉಲ್ಲನ್ ಸಾಕು.

ಉಡುಪು

ಇಲ್ಲಿ ಕೆಡುವುದು ಅಚ್ಚಿನ ಗಾತ್ರದಲ್ಲಿ. ಸೀರೆಯ ದೊಡ್ಡ ಹೂವು ಗೊಂಬೆಯ ಮೈಮೇಲೆ ಪರದೆಯಂತೆ ಕಾಣುತ್ತದೆ. 1 ಸೆಂ.ಮೀ.ಗಿಂತ ಚಿಕ್ಕ ನಮೂನೆ ಆರಿಸಿ. ಗುಳೇದಗುಡ್ಡದ ಖಣ, ಅಂದರೆ ಅಲ್ಲಿ ನೇಯುವ ಕುಪ್ಪಸದ ಬಟ್ಟೆ, ಇದಕ್ಕೆ ಹೇಳಿ ಮಾಡಿಸಿದ್ದು. ಸಣ್ಣ ಬುಟ್ಟಾ, ಜತೆಗೆ ಅಂಚು. ಕತ್ತರಿಸಿದ ಕೂಡಲೇ ಎಳೆ ಬಿಡುತ್ತದಾದ್ದರಿಂದ 1 ಸೆಂ.ಮೀ. ಅಂಚು ಬಿಟ್ಟು, ಕತ್ತರಿಸುವ ಮೊದಲೇ ಅಂಚಿನುದ್ದಕ್ಕೂ ಒಂದು ಸಾಲು ಹೊಲಿಗೆ ಹಾಕಿ.

ಲಂಗಕ್ಕೆ 60 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ಪಟ್ಟಿ, ಸೊಂಟಕ್ಕೆ 18 ಸೆಂ.ಮೀ. ಎಲಾಸ್ಟಿಕ್. ಗೊಂಬೆಯ ಸೊಂಟದ ಸುತ್ತಳತೆ 20ರ ಆಸುಪಾಸು. ಮೂರು ಪಟ್ಟು ಬಟ್ಟೆ ತೆಳು ವಾಯಿಲ್‌ಗೆ ಸರಿ, ದಪ್ಪ ಬಟ್ಟೆಗೆ ಎರಡು ಪಟ್ಟು ಸಾಕು. ಹೆಚ್ಚಾದರೆ ಸೊಂಟದಲ್ಲಿ ನೆರಿಗೆಯ ಗಡ್ಡೆ ಕಟ್ಟುತ್ತದೆ.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ, ಲಂಬಾಣಿ ಉಡುಪಿನ ಗೊಂಬೆಗೆ ಬೇಡಿಕೆಯೂ ಇದೆ. ಹಳೆಯ ಕೈಕಸೂತಿಯ ಫೇಟಿಯಾ (ಲಂಬಾಣಿ ಲಂಗ) ಕೊಯ್ದು ಗೊಂಬೆಗೆ ಹಾಕುವುದು ಮಾತ್ರ ಅನ್ಯಾಯ. ಕೆಲಸ ಬಲ್ಲ ಹೆಂಗಸರಿಂದ ಗೊಂಬೆಯ ಅಳತೆಗೇ ಚಿಕ್ಕ ಪಟ್ಟಿ ಮಾಡಿಸಿಕೊಂಡು ಸರಿಯಾದ ಕೂಲಿ ಕೊಡಿ. ಕಸೂತಿ ತುಂಡು ಕತ್ತರಿಸಲೇಬೇಕಾದರೆ ಗೆರೆಯ ಎರಡೂ ಬದಿ ಮಷಿನ್ ಹೊಲಿಗೆ ಹಾಕಿ ನಡುವೆ ಕತ್ತರಿಸಿ, ಇಲ್ಲವಾದರೆ ಕೈಹೊಲಿಗೆ ಸಾಲಾಗಿ ಬಿಚ್ಚುತ್ತದೆ. ಕನ್ನಡಿ, ಕವಡೆ, ಗೆಜ್ಜೆ ಶೋಕೇಸ್ ಗೊಂಬೆಗೆ ಮಾತ್ರ. ಮಕ್ಕಳದಕ್ಕೆ ಕನ್ನಡಿಯ ಜಾಗದಲ್ಲಿ ಬಿಳಿ ದಾರದ ದುಂಡು ಕಸೂತಿ ಮಾಡಿ.

ಕೆಂಪು, ಕಪ್ಪು, ಕಡುನೀಲಿ ಬಟ್ಟೆಗಳನ್ನು ಉಡಿಸುವ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬುದನ್ನು ನೆಚ್ಚಬೇಡಿ. ಹೆಚ್ಚುವರಿ ಬಣ್ಣ ಹೋಗುವವರೆಗೆ ಒಗೆಯುವುದೊಂದೇ ಉಪಾಯ, ಅಥವಾ ಒಳಗೆ ಬಿಳಿ ಲೈನಿಂಗ್.

ಮಗುವಿನ ಕೈಗೆ ಕೊಡುವ ಮೊದಲು, ಮಾರುವ ಮೊದಲು

ಎಷ್ಟು ಪಿನ್ ತೆಗೆದುಕೊಂಡಿರೋ ಅಷ್ಟೂ ವಾಪಸ್ ಬಂದಿವೆಯೇ ಎಣಿಸಿ. ಮುರಿದ ಸೂಜಿಯ ಚೂರು ಸಿಗದಿದ್ದರೆ ಗೊಂಬೆಯ ಮೈಮೇಲೆ ಬಲವಾದ ಅಯಸ್ಕಾಂತ ಆಡಿಸಿ. ಪ್ರತಿ ಕೈಕಾಲಿಗೆ 5 ಕಿಲೋ ತೂಕದ ಚೀಲ ಕಟ್ಟಿ ಹತ್ತು ಎಣಿಸುವವರೆಗೆ ತೂಗಿಸಿ. ಹೊಲಿಗೆ ಬಾಯಿ ಬಿಟ್ಟರೆ ಮತ್ತೆ ಹೊಲಿಯಿರಿ. ಮೂರು ವರ್ಷದೊಳಗಿನ ಮಗುವಿಗೆ ಗುಂಡಿ, ಮಣಿ, ಟಿಕಲಿ ಯಾವುದೂ ಇರಬಾರದು, ಎಷ್ಟೇ ಗಟ್ಟಿಯಾಗಿ ಹೊಲಿದಿದ್ದರೂ.

ಮಾರುವವರಿಗೆ ಇನ್ನೊಂದು ವಿಷಯ. ಕೇಂದ್ರ ಸರ್ಕಾರದ 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದ್ದು, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಹಾಗಾಗಿ ಅಂಗಡಿಗೆ, ಆನ್‌ಲೈನಿಗೆ ಕೊಡುವ ಮೊದಲು ಆ ನೋಂದಣಿಯ ಗುರುತಿನ ಚೀಟಿಯಾದ ಪೆಹಚಾನ್ ಕಾರ್ಡ್ ಮಾಡಿಸಿಕೊಳ್ಳಿ. ಲಂಬಾಣಿ ಕಸೂತಿಯ ಪಟ್ಟಿ ಹಚ್ಚಿದ ಮಾತ್ರಕ್ಕೆ ನಿಮ್ಮ ಗೊಂಬೆ ಭೌಗೋಳಿಕ ಸೂಚಕದ ವಸ್ತು ಆಗುವುದಿಲ್ಲ.

ಗೊಂಬೆಯ ಜತೆ ಒಂದು ಚೀಟಿ ಇಡಿ: ಒಳಗೆ ಹತ್ತಿಯೋ ಫೈಬರೋ, ಹೇಗೆ ಒಗೆಯಬೇಕು. ಹತ್ತಿಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ಫೈಬರಾದರೆ ತಣ್ಣೀರು, ಕಡಿಮೆ ಸೋಪು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತುವುದು, ನೆರಳಿನಲ್ಲಿ ಬಲೆ ಚೀಲದಲ್ಲಿಟ್ಟು ತೂಗುಹಾಕುವುದು. ಜಡೆಗೆ ಕ್ಲಿಪ್ ಹಾಕಿ ನೇತುಹಾಕಿದರೆ ಒದ್ದೆಯ ಭಾರಕ್ಕೆ ಕುತ್ತಿಗೆ ಉದ್ದವಾಗುತ್ತದೆ. ಡೆನಿಮ್ ಉರುಳೆ ಎಲ್ಲಕ್ಕಿಂತ ಕೊನೆಗೆ ಒಣಗುವುದರಿಂದ ಮೈ ಒಣಗಿದ ಮೇಲೂ ಮಳೆಗಾಲದಲ್ಲಿ ಇನ್ನೊಂದು ದಿನ ಗಾಳಿಗೆ ಬಿಡಬೇಕು, ಇಲ್ಲದಿದ್ದರೆ ಕುತ್ತಿಗೆಯಿಂದಲೇ ಮುಗ್ಗು ವಾಸನೆ ಶುರುವಾಗುತ್ತದೆ.